ಕಲಬುರಗಿ, ಬೀದರ್ ಎರಡೂ ಅಂಗಡಿ ಫೈಲ್ ಒಂದೇ ಗೂಗಲ್ ಡ್ರೈವ್‌ನಾಗ ಇಡೋದು ಹ್ಯಾಂಗ?

ಸ್ಟೇಷನ್ ಬಜಾರ್:
ಕಲಬುರಗಿಯೊಳಗ ಒಂದು ಡಿಟಿಪಿ ಅಂಗಡಿ, ಬೀದರ್‌ನಾಗ ಇನ್ನೊಂದು. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಕೆಲಸ. ಹಳೇದು ಹೊಸದು ಸೇರಿ 40 ಜಿಬಿ ಅದ: ಕೋರೆಲ್‌ಡ್ರಾ ಫೈಲ್, ಪಿಎಸ್‌ಡಿ, ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಒಳಗ ಟೈಪ್ ಮಾಡಿದ ವರ್ಡ್ ಫೈಲ್, ಉರ್ದು ಪತ್ರಿಕೆದ್ದು ಇನ್‌ಪೇಜ್ ಫೈಲ್. ಎರಡೂ ಕಡೆ ಒಂದೇ ಜಿಮೇಲ್ ಐಡಿ, ಒಂದೇ ಪಾಸ್‌ವರ್ಡ್. ಫ್ರೀ ಸಿಗೋ 15 ಜಿಬಿ ತುಂಬೇದ, ಈಗ ಮೇಲ್ ಸೈತ ಬರವಲ್ದು. ಇನ್ನೊಂದು ಫ್ರೀ ಐಡಿ ತೆರೀಬೇಕಾ, ರೊಕ್ಕ ಕೊಟ್ಟು ಜಾಗ ತಗೋಬೇಕಾ? ಬೀದರ್‌ನವರು ಹಾಕಿದ ಫೈಲ್ ಇಲ್ಲಿ ತಿದ್ದಲಿಕ್ಕ ಬರಬೇಕು. ನುಡಿ ಫೈಲ್ ಡ್ರೈವ್‌ನಾಗ ತೆರೆದ್ರ ಅಕ್ಷರ ಎಲ್ಲಾ ಕಲಸಿ ಬರ್ತಾವ, ಅದಕ್ಕೇನು ಮಾಡ್ಬೇಕು?

ಚೌಬಾರಾ:
ಮೊದಲು ಒಂದೇ ಪಾಸ್‌ವರ್ಡ್ ಇಬ್ಬರು ಬಳಸೋದು ನಿಲ್ಲಸ್ರಿ. ಯಾವ ಫೈಲ್ ಯಾರು ಅಳಿಸಿದ್ರು ಅಂತ ಗೊತ್ತಾಗಲ್ಲ, ಮ್ಯಾಲ ಹೊಸ ಕಂಪ್ಯೂಟರ್‌ನಿಂದ ಲಾಗಿನ್ ಆದಾಗೆಲ್ಲ ಕೋಡ್ ಒಬ್ಬರ ಫೋನಿಗೇ ಬರ್ತದ. ಅಂಗಡಿ ಹೆಸರಿನ ಐಡಿ ಒಂದೇ ಇರಲಿ, ಅದರ ರಿಕವರಿ ನಂಬರ್ ಮಾಲೀಕರದ್ದೇ ಇರಲಿ, ಎರಡು ಹಂತದ ಪರಿಶೀಲನೆ ಹಚ್ರಿ. ಬೀದರ್‌ನವರು ತಮ್ಮ ಸ್ವಂತ ಐಡಿಯಿಂದ ಕೆಲಸ ಮಾಡಲಿ. ಅಂಗಡಿ ಐಡಿಯೊಳಗಿನ ಫೋಲ್ಡರ್ ಅವರಿಗೆ 'ಎಡಿಟರ್' ಅಂತ ಶೇರ್ ಮಾಡ್ರಿ. ಅವರು 'ನನ್ನೊಂದಿಗೆ ಹಂಚಿಕೊಂಡಿದ್ದು' ಒಳಗ ಹೋಗಿ ಆ ಫೋಲ್ಡರ್‌ದು ಶಾರ್ಟ್‌ಕಟ್ ತಮ್ಮ ಡ್ರೈವ್‌ಗೆ ಸೇರಿಸ್ಕೊಂಡ್ರ ದಿನಾ ಹುಡುಕೋ ಕೆಲಸ ಇರಲ್ಲ.

ಇಲ್ಲೇ ಭಾಳ ಮಂದಿ ತಪ್ಪು ತಿಳ್ಕೋತಾರ. ಗೂಗಲ್ ಡ್ರೈವ್‌ನಾಗ ಫೋಲ್ಡರ್ ನಿಮ್ಮದಿದ್ರೂ ಅದರೊಳಗ ಬೀದರ್‌ನವರು ಅಪ್‌ಲೋಡ್ ಮಾಡಿದ ಫೈಲ್ ಅವರದ್ದೇ. ಜಾಗ ಅವರ 15 ಜಿಬಿಯೊಳಗಿಂದ ಹೋಗ್ತದ. ಅವರು ಕೆಲಸ ಬಿಟ್ಟು ಹೋಗಿ ಆ ಫೈಲ್ ಪೂರ್ತಿ ಅಳಿಸಿದ್ರ ನಿಮ್ಮ ಕಡೆನೂ ಇರಲ್ಲ. ಡ್ರಾಪ್‌ಬಾಕ್ಸ್‌ನಾಗ ಲೆಕ್ಕ ಬ್ಯಾರೆ: ಶೇರ್ ಮಾಡಿದ ಫೋಲ್ಡರ್ ಸೇರಿದವರೆಲ್ಲರ ಜಾಗದಾಗೂ ಎಣಿಕೆ ಆಗ್ತದ, ಫ್ರೀ ಇರೋದು 2 ಜಿಬಿ ಮಾತ್ರ, ನಿಮ್ಮ ಕೆಲಸಕ್ಕ ಸಾಲಂಗಿಲ್ಲ. ಒನ್‌ಡ್ರೈವ್ ಫ್ರೀ 5 ಜಿಬಿ. ಹಿಂಗಾಗಿ ಮುಗಿದ ಕೆಲಸದ ಫೈಲ್ ವಾರಕ್ಕೊಮ್ಮೆ ಅಂಗಡಿ ಐಡಿಗೆ ತಂದ್ಕೊಳ್ರಿ.

ಇನ್ನೊಂದು ಫ್ರೀ ಐಡಿ ತೆರೆಯೋದು ಬ್ಯಾಡ. ಮೂರು ಐಡಿ ಆದ್ಮ್ಯಾಲ ಯಾವ ಪತ್ರಿಕೆ ಯಾವುದರಾಗ ಅದ ಅಂತ ಹುಡುಕೋದೇ ಒಂದು ಕೆಲಸ ಆಗ್ತದ. ಎರಡು ವರ್ಷ ಮುಟ್ಟದ ಖಾತೆ ಅಳಿಸೋ ನಿಯಮನೂ ಅದ. ಅಂಗಡಿ ಐಡಿಗೆ 100 ಜಿಬಿ ಪ್ಲಾನ್ ತಗೊಳ್ರಿ, ವರ್ಷದ ಲೆಕ್ಕದಾಗ.

ಭೀಮಾತೀರ:
ರೊಕ್ಕ ಕೊಡುವ ಮುನ್ನ ಒಮ್ಮೆ ಸೋಸಿ ನೋಡಿ. ಆ 15 ಜಿಬಿ ಡ್ರೈವ್, ಜಿಮೇಲ್, ಫೋಟೋಸ್ ಮೂರಕ್ಕೂ ಸೇರಿದ್ದು. 2021ರ ಜೂನ್ 1ರಿಂದ ಫೋಟೋಸ್‌ಗೆ ಹೊಸದಾಗಿ ಏರುವ ಚಿತ್ರಗಳೂ ಲೆಕ್ಕಕ್ಕೆ ಬರುತ್ತವೆ. ಅಂಗಡಿ ಐಡಿ ಯಾರದ್ದಾದರೂ ಮೊಬೈಲ್‌ನಲ್ಲಿದ್ದು ಫೋಟೋ ಬ್ಯಾಕಪ್ ಆನ್ ಆಗಿದ್ದರೆ ಅರ್ಧ ಜಾಗ ಅಲ್ಲೇ ಹೋಗಿರುತ್ತದೆ. ಡ್ರೈವ್‌ನ ಎಡಬದಿ 'ಸ್ಟೋರೇಜ್' ಒತ್ತಿದರೆ ದೊಡ್ಡ ಫೈಲ್‌ಗಳು ಮೇಲೆ ಬರುತ್ತವೆ. ಅಳಿಸಿದ ಮೇಲೆ ಟ್ರ್ಯಾಶನ್ನೂ ಖಾಲಿ ಮಾಡಿ. ಅದು ತಾನಾಗಿ ಖಾಲಿಯಾಗುವುದು 30 ದಿನಕ್ಕೆ, ಅಲ್ಲಿಯವರೆಗೆ ಜಾಗ ಬಿಡುವುದಿಲ್ಲ.

ಕೋರೆಲ್ ಬಳಸುವವರಲ್ಲಿ ಇನ್ನೊಂದು ಕಳ್ಳ ಜಾಗವಿದೆ. ಫೈಲ್ ಸೇವ್ ಮಾಡಿದಾಗ ಅದೇ ಫೋಲ್ಡರ್‌ನಲ್ಲಿ 'ಬ್ಯಾಕಪ್ ಆಫ್' ಎಂದು ಶುರುವಾಗುವ ಹೆಸರಿನ ಇನ್ನೊಂದು ಫೈಲ್ ಕೂರುತ್ತದೆ. ಅದೂ ಡ್ರೈವ್‌ಗೆ ಏರುತ್ತದೆ. ಕೆಲಸ ಮುಗಿದ ಫೋಲ್ಡರ್‌ನಲ್ಲಿ ಆ ಹೆಸರು ಹುಡುಕಿ ಒಟ್ಟಿಗೆ ಅಳಿಸಿ.

ಈಗ ಏರಿಸುವ ಲೆಕ್ಕ. 40 ಜಿಬಿ ಎಂದರೆ 320 ಗಿಗಾಬಿಟ್. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಪ್‌ಲೋಡ್ ವೇಗ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಸಿಕ್ಕರೆ ಸುಮಾರು 44 ಗಂಟೆ. ದಿನಕ್ಕೆ 2 ಜಿಬಿ ಪ್ಯಾಕ್ ಆದರೆ 20 ದಿನ! ಫೈಬರ್‌ನಲ್ಲಿ 50 ಎಂಬಿಪಿಎಸ್ ಪೂರ್ತಿ ಸಿಕ್ಕರೆ ಎರಡು ಗಂಟೆಯೊಳಗೆ. ವೇಗ ಪರೀಕ್ಷೆ ಮಾಡುವಾಗ ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ಅಂಕಿ ನೋಡಿ. ಫೈಬರ್ ಇಲ್ಲದಿದ್ದರೆ ಮೊದಲ ಸಲದ ಹಳೇ ಮಾಲನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿ ಬೀದರ್ ರೈಲಿಗೆ ಕೊಟ್ಟು ಕಳಿಸುವುದೇ ಬೇಗ. ಅದಾದ ಮೇಲೆ ದಿನದ ಕೆಲಸ ಮಾತ್ರ ಏರಿಸಿದರೆ ಸಾಕು.

ಬ್ರೌಸರ್‌ನಲ್ಲಿ ಇಡೀ ಫೋಲ್ಡರ್ ಎಳೆದು ಹಾಕಬೇಡಿ. ನಡುವೆ ಕರೆಂಟ್ ಹೋದರೆ ಎಲ್ಲಿಯವರೆಗೆ ಹೋಯಿತು ತಿಳಿಯದು, ಮತ್ತೆ ಹಾಕಿದರೆ ಜೋಡಿ ಫೈಲ್‌ಗಳಾಗಬಹುದು. ಕಂಪ್ಯೂಟರ್‌ಗೆ 'ಡ್ರೈವ್ ಫಾರ್ ಡೆಸ್ಕ್‌ಟಾಪ್' ಹಾಕಿಕೊಳ್ಳಿ, ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದ ಅದೇ ಮುಂದುವರಿಸುತ್ತದೆ. ರಾತ್ರಿ ಏರಲು ಬಿಟ್ಟರೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ 'ನೆವರ್' ಮಾಡಿ. ಡ್ರೈವ್ ಫಾರ್ ಡೆಸ್ಕ್‌ಟಾಪ್‌ನಲ್ಲಿ 'ಸ್ಟ್ರೀಮ್', 'ಮಿರರ್' ಎಂದು ಎರಡು ಬಗೆ. ಮಿರರ್‌ನಲ್ಲಿ ಫೈಲ್ ಕಂಪ್ಯೂಟರ್‌ನಲ್ಲೂ ಇರುತ್ತದೆ, ಡ್ರೈವ್‌ನಲ್ಲೂ ಇರುತ್ತದೆ. ಸ್ಟ್ರೀಮ್‌ನಲ್ಲಿ ಫೈಲ್ ಇರುವುದು ಡ್ರೈವ್‌ನಲ್ಲಿ, ನೆಟ್ ಇಲ್ಲದಾಗ ತೆರೆಯದು. ದಿನಾ ಬೇಕಾದ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಆಫ್‌ಲೈನ್‌ಗೆ ಇಟ್ಟುಕೊಳ್ಳಿ.

ಎರಡರಲ್ಲಿ ಯಾವುದೂ ಬ್ಯಾಕಪ್ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ವೈರಸ್ ಹೊಕ್ಕು ಫೈಲ್ ಕೆಡಿಸಿದರೆ ಕೆಟ್ಟದ್ದೇ ಮೇಲೆ ಹೋಗುತ್ತದೆ. ಹಳೇ ಆವೃತ್ತಿಗಳನ್ನು ಡ್ರೈವ್ 30 ದಿನ ಅಥವಾ 100 ಆವೃತ್ತಿಯವರೆಗೆ ಇಡುತ್ತದೆ, ಆಮೇಲೆ ಅವು ಅಳಿಯಬಹುದು. ತಿಂಗಳಿಗೊಮ್ಮೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಹಾಕಿ, ಬಿಚ್ಚಿ, ಮನೆಯಲ್ಲಿಡಿ. ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಜಿಪ್ ಅದಕ್ಕೆ ಹೋಗದು, ಎಕ್ಸ್‌ಫ್ಯಾಟ್ ಮಾಡಿ.

ಶಹಾಪುರ ಮುದ್ರಣ:
ನುಡಿ ಫೈಲ್ ಕೆಟ್ಟಿಲ್ಲ, ಹೆದರಬ್ಯಾಡ್ರಿ. ಹಳೇ ನುಡಿ ಫಾಂಟ್‌ನಾಗ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ತಿಳಿಯೋ ಅಕ್ಷರ ಸಂಕೇತ) ಅಲ್ಲ. ಒಳಗ ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅವಕ್ಕ ಕನ್ನಡದ ಆಕಾರ ಕೊಡ್ತದ. ಗೂಗಲ್ ಡಾಕ್ಸ್‌ನಾಗ ಆ ಫಾಂಟ್ ಇಲ್ಲ, ಅದಕ್ಕ 'ಶ್ರೀ ಗಣೇಶಾಯ ನಮಃ' ಅಂತ ಇದ್ದದ್ದು ಹುಚ್ಚುಚ್ಚಾಗಿ ಕಾಣ್ತದ. ಆ ಫೈಲ್ ಡಾಕ್ಸ್‌ನಾಗ ತೆರೆದು ತಿದ್ದಬ್ಯಾಡ್ರಿ. ಫಾಂಟ್ ಇರೋ ಕಂಪ್ಯೂಟರ್‌ಗೆ ಇಳಿಸ್ಕೊಂಡು ವರ್ಡ್‌ನಾಗೇ ತೆರೀರಿ. ಮುಂದ ಬೇಕಾಗೋ ಮಜಕೂರು ನುಡಿ ಜೊತಿ ಬರೋ ಪರಿವರ್ತಕದಾಗ ಯೂನಿಕೋಡ್ ಮಾಡಿ ಇಟ್ಕೊಳ್ರಿ. ಒತ್ತಕ್ಷರ, ಅರ್ಕಾವತ್ತು ಒಮ್ಮೆ ಓದಿ ನೋಡ್ರಿ, ಅಲ್ಲೇ ತಪ್ಪು ಆಗೋದು. ಯೂನಿಕೋಡ್ ಮಾಡಿದ್ರ ಇನ್ನೊಂದು ಲಾಭ, ಡ್ರೈವ್ ಹುಡುಕಾಟದಾಗ ಕನ್ನಡ ಪದ ಹಾಕಿದ್ರ ಫೈಲ್ ಸಿಗ್ತದ.

ಇನ್‌ಪೇಜ್ ಫೈಲ್ ಡ್ರೈವ್ ತೋರ್ಸಂಗಿಲ್ಲ, ಜೊತಿಗೆ ಅದೇ ಹೆಸರಿನ ಪಿಡಿಎಫ್ ಒಂದು ಇಡ್ರಿ. ಕೋರೆಲ್ ಫೈಲ್ ಬೀದರ್‌ಗೆ ಕಳ್ಸುವಾಗ ಅಲ್ಲಿರೋ ವರ್ಷನ್‌ಗೆ ಇಳಿಸಿ ಸೇವ್ ಮಾಡ್ರಿ, ಹೊಸ ವರ್ಷನ್‌ದು ಹಳೇದರಾಗ ತೆರೆಯಂಗಿಲ್ಲ. ಪ್ರಿಂಟಿಗೆ ಹೋಗೋ ಪ್ರತಿಯೊಳಗ ಅಕ್ಷರ ಎಲ್ಲಾ ಆರಿಸಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ (ಫಾಂಟ್ ಬೇಡದ ಬರೀ ಆಕಾರ) ಮಾಡ್ರಿ. ತಿದ್ದೋ ಪ್ರತಿ ಮಾತ್ರ ಬ್ಯಾರೆ ಇರಲಿ, ಕರ್ವ್ ಆದ್ಮ್ಯಾಲ ವರನ ಹೆಸರು ತಿದ್ದಲಿಕ್ಕ ಬರಂಗಿಲ್ಲ. ಒಂದೇ ಕೋರೆಲ್ ಫೈಲ್ ಇಬ್ಬರು ಒಂದೇ ಹೊತ್ತಿಗೆ ತೆರೀಬ್ಯಾಡ್ರಿ, ಒಬ್ಬರು ಮಾಡಿದ್ದು ಹೋಗ್ತದ. ತಿದ್ದುವಾಗ ಫೈಲ್ ಹೆಸರಿನ ಹಿಂದ 'ಬೀದರ್-ಕೆಲಸ' ಅಂತ ಸೇರ್ಸೋ ರೂಢಿ ಮಾಡ್ಕೊಳ್ರಿ.

ಚೌಬಾರಾ:
ಗಿರಾಕಿಗೆ ಕಳ್ಸೋದರ ಬಗ್ಗೆ ಒಂದು ಮಾತು ಉಳೀತು. ಪ್ರೂಫ್‌ಗೆ ಫೋಲ್ಡರ್ ಲಿಂಕ್ ಕೊಡಬ್ಯಾಡ್ರಿ, ಆ ಫೋಲ್ಡರ್‌ನಾಗ ನಾಳೆ ಹಾಕೋದೆಲ್ಲ ಅವರಿಗೂ ಕಾಣ್ತದ. ಒಂದೇ ಪಿಡಿಎಫ್‌ದು ಲಿಂಕ್ ಕೊಡ್ರಿ, 'ಲಿಂಕ್ ಇರೋ ಯಾರಾದರೂ', 'ವ್ಯೂವರ್'. ಕೆಲಸ ಮುಗಿದ ದಿನ ಅದನ್ನ 'ನಿರ್ಬಂಧಿತ' ಮಾಡ್ರಿ. ಲಿಂಕ್ ವಾಟ್ಸಾಪ್ ಗುಂಪಿಗೆ ಹೋದ್ರ ಯಾರು ತೆರೆದ್ರು ಗೊತ್ತಾಗಂಗಿಲ್ಲ. ಮಂದಿ ಆಧಾರ್ ಸ್ಕ್ಯಾನ್ ಅಂತೂ ಅಂಗಡಿ ಡ್ರೈವ್‌ನಾಗ ಇಡಲೇಬ್ಯಾಡ್ರಿ, ಕೆಲಸ ಆದ ಕೂಡಲೇ ಅಳಿಸಿ ಟ್ರ್ಯಾಶ್ ಖಾಲಿ ಮಾಡ್ರಿ.

ಸ್ಟೇಷನ್ ಬಜಾರ್:
ಫೋಟೋಸ್ ಬ್ಯಾಕಪ್ ಆನ್ ಇತ್ತು, ಬಂದ್ ಮಾಡೀನಿ. ನೀವು ಹೇಳ್ದಂಗ ಬೀದರ್‌ನವರು ಸ್ವಂತ ಐಡಿಯಿಂದ ಈಗಾಗಲೇ ಹಾಕಿದ ಫೈಲ್ ಅಂಗಡಿ ಐಡಿಗೆ ಹ್ಯಾಂಗ ತರೋದು? ಫೋಲ್ಡರ್‌ದು ಮಾಲೀಕತ್ವ ವರ್ಗ ಮಾಡಿದ್ರ ಸಾಕಾ?

ಭೀಮಾತೀರ:
ಸಾಲದು. ಫೋಲ್ಡರ್ ವರ್ಗವಾದರೂ ಒಳಗಿನ ಫೈಲ್ ಹಳೇ ಮಾಲೀಕರಲ್ಲೇ ಉಳಿಯುತ್ತವೆ. ನೇರ ದಾರಿ: ಅಂಗಡಿ ಐಡಿಯಿಂದ ಫೋಲ್ಡರ್ ತೆರೆದು, ಒಳಗಿನ ಫೈಲ್‌ಗಳನ್ನು ಆರಿಸಿ 'ಪ್ರತಿ ಮಾಡಿ' ಒತ್ತಿ. ಪ್ರತಿ ಯಾರು ಮಾಡುತ್ತಾರೋ ಅವರದ್ದಾಗುತ್ತದೆ. ತುಂಬಾ ಇದ್ದರೆ ಡೌನ್‌ಲೋಡ್ ಮಾಡಿ ಮತ್ತೆ ಏರಿಸಿ. ದೊಡ್ಡ ಫೋಲ್ಡರ್ ಇಳಿಸಿದಾಗ ಜಿಪ್ 2 ಜಿಬಿ ತುಂಡುಗಳಾಗಿ ಬರುತ್ತದೆ, ಎಲ್ಲ ತುಂಡೂ ಬಂದಿದೆಯೇ ನೋಡಿ. ಎರಡೂ ಕಡೆಯ ಫೈಲ್ ಎಣಿಕೆ ತಾಳೆಯಾಗುವವರೆಗೆ ಬೀದರ್‌ನವರು ಒಂದನ್ನೂ ಅಳಿಸಬಾರದು.