ಇಂಗ್ಲೆಂಡಿನ ಹಳ್ಳಿಯ ಪಬ್‌ಗಳು ಮತ್ತು ಅವುಗಳ ಬೀದಿಗಳು

ಪ್ರಶ್ನೆ:
ಇಂಗ್ಲೆಂಡಿನ ಹಳ್ಳಿಗಳ ಹಳೆಯ ನಕ್ಷೆಗಳನ್ನು ಇಂದಿನ ನಕ್ಷೆಗಳ ಪಕ್ಕದಲ್ಲಿಟ್ಟು ನೋಡಿದರೆ, ಮೂರು ನಾಲ್ಕು ಪಬ್‌ಗಳಿದ್ದ ಬೀದಿಯಲ್ಲಿ ಈಗ ಒಂದು ಮಾತ್ರ ಉಳಿದು, ಮಿಕ್ಕವು ವಾಸದ ಮನೆಗಳಾಗಿರುವುದು ಹಲವು ಕಡೆ ಕಾಣುತ್ತದೆ. ಅಷ್ಟು ಚಿಕ್ಕ ಊರಿನಲ್ಲಿ ಅಷ್ಟೊಂದು ಪಬ್‌ಗಳು ಹುಟ್ಟಿಕೊಂಡದ್ದು ಹೇಗೆ? ಜನರು ಕುಡಿಯುವುದನ್ನು ಕಡಿಮೆ ಮಾಡಿದ್ದರಿಂದ ಅವು ಮುಚ್ಚಿದವೇ, ಇಲ್ಲವೇ ಬೀದಿಯೇ ಬದಲಾಯಿತೇ? ಇದನ್ನು ಯಾವ ದಾಖಲೆಗಳಲ್ಲಿ ನೋಡಬಹುದು?

ಉತ್ತರ 1:
ಸಂಖ್ಯೆ ಹೆಚ್ಚಲು ದೊಡ್ಡ ಕಾರಣ 1830ರ ಬಿಯರ್‌ಹೌಸ್ ಕಾಯ್ದೆ. ಸ್ಥಳೀಯ ತೆರಿಗೆ ಕಟ್ಟುವವರು ಎರಡು ಗಿನಿ (ಅಲ್ಲಿನ ಹಳೆಯ ಹಣದ ಲೆಕ್ಕ) ಶುಲ್ಕ ತೆತ್ತು, ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ, ತಮ್ಮ ಮನೆಯಲ್ಲೇ ಬಿಯರ್ ಮಾರಲು ಅದು ಅವಕಾಶ ಕೊಟ್ಟಿತು. ಕಮ್ಮಾರನೋ ಬಡಗಿಯೋ ಕಸುಬನ್ನು ಬಿಡದೆ ಮನೆಯ ಮುಂದಿನ ಕೋಣೆಯನ್ನು ಗಿರಾಕಿಗಳಿಗೆ ತೆರೆಯುವಂತಾಯಿತು. ಆದ್ದರಿಂದಲೇ ಆ ಕಟ್ಟಡಗಳು ಅಷ್ಟು ಸುಲಭವಾಗಿ ಮತ್ತೆ ಮನೆಗಳಾದವು, ಏಕೆಂದರೆ ಅವು ಮೊದಲಿನಿಂದಲೂ ಮನೆಗಳೇ ಆಗಿದ್ದವು. 1869ರಲ್ಲಿ ಪರವಾನಗಿಯ ಹಿಡಿತ ಮ್ಯಾಜಿಸ್ಟ್ರೇಟರಿಗೆ ಮರಳಿತು. ಅನಗತ್ಯವೆಂದು ಕಂಡ ಪಬ್‌ಗಳನ್ನು ಪರಿಹಾರ ಕೊಟ್ಟು ಮುಚ್ಚಿಸುವ ಏರ್ಪಾಡನ್ನು 1904ರ ಕಾಯ್ದೆ ತಂದಿತು. ಹಾಗಾಗಿ ಮುಚ್ಚಿದ ಪಬ್‌ಗಳಲ್ಲಿ ಕೆಲವು ಗಿರಾಕಿಗಳಿಲ್ಲದೆ ಸೊರಗಿದವಲ್ಲ, ಸರ್ಕಾರದ ನೀತಿಯಿಂದಲೇ ಮುಚ್ಚಿಹೋದವು.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ರಸ್ತೆಯನ್ನು ಮರೆಯಬಾರದು. ಕುದುರೆ ಸಾರೋಟುಗಳ ಕಾಲದಲ್ಲಿ ಹೆದ್ದಾರಿಯ ಮೇಲಿನ ದೊಡ್ಡ ಪಬ್ ಎಂದರೆ ತಂಗುದಾಣವೂ ಹೌದು, ಕುದುರೆ ಬದಲಿಸುವ ಠಾಣ್ಯವೂ ಹೌದು. ಸಾರೋಟು ಒಳಹೋಗುವಷ್ಟು ಎತ್ತರದ ಕಮಾನು, ಹಿಂದೆ ಅಂಗಳ, ಅದರ ಸುತ್ತ ಲಾಯ. ಲಾಳ ಕಟ್ಟುವವನೂ ಜೀನು ಹೊಲಿಯುವವನೂ ಅದನ್ನೇ ನಂಬಿ ಪಕ್ಕದಲ್ಲಿ ನೆಲೆಸುತ್ತಿದ್ದರು. 1830 ಮತ್ತು 1840ರ ದಶಕಗಳಲ್ಲಿ ರೈಲು ಬಂದೊಡನೆ ದೂರದ ಪ್ರಯಾಣಿಕರು ಆ ಬೀದಿಯನ್ನು ಬಿಟ್ಟರು, ನಿಲ್ದಾಣದ ಬಳಿ ಹೊಸ ಪಬ್‌ಗಳು ಎದ್ದವು. ಮೋಟಾರು ಕಾರುಗಳು ಹಳೆಯ ರಸ್ತೆಗೆ ಜೀವ ತಂದವಾದರೂ, ಮುಂದೆ ಊರನ್ನು ಬಳಸಿ ಹೋಗುವ ಬೈಪಾಸ್‌ಗಳು ಆ ವ್ಯಾಪಾರವನ್ನೂ ಒಯ್ದವು. ಯಂತ್ರಗಳಿಂದ ಹೊಲದ ಕೂಲಿಯವರ ಸಂಖ್ಯೆ ಇಳಿದದ್ದು, ನನ್ನ ದೃಷ್ಟಿಯಲ್ಲಿ, ಇದಕ್ಕಿಂತಲೂ ದೊಡ್ಡ ಪೆಟ್ಟು, ಏಕೆಂದರೆ ಸಂಜೆಯ ಬೆಂಚುಗಳನ್ನು ತುಂಬುತ್ತಿದ್ದವರು ಅವರೇ.

ಉತ್ತರ 3:
ಇತ್ತೀಚಿನ ಬದಲಾವಣೆಗಳಲ್ಲಿ ಒಡೆತನದ ಪಾತ್ರ ದೊಡ್ಡದು. ಬಹಳಷ್ಟು ಪಬ್‌ಗಳು ಬಿಯರ್ ತಯಾರಕರ ಸ್ವತ್ತಾಗಿದ್ದವು. 1989ರ ಸರ್ಕಾರಿ ಆದೇಶಗಳು ಆ ಹಿಡಿತವನ್ನು ಸಡಿಲಿಸಲು ಹೊರಟಾಗ, ಆ ಪಬ್‌ಗಳಲ್ಲಿ ಹಲವು ದೊಡ್ಡ ಪಬ್ ಕಂಪನಿಗಳ ಕೈಸೇರಿದವು. ಪಬ್ಬಿಗಿಂತ ಮನೆಯಾಗಿ ಮಾರಿದರೆ ಹೆಚ್ಚು ಬೆಲೆ ಸಿಗುವ ಕಡೆ ಒಡೆಯನಿಗೆ ಪಬ್ ನಡೆಸುವ ಆಸಕ್ತಿ ಉಳಿಯುವುದು ಕಷ್ಟ. 2011ರ ಸ್ಥಳೀಯತಾ ಕಾಯ್ದೆಯ ಅಡಿಯಲ್ಲಿ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿಯೆಂದು ಪಟ್ಟಿ ಮಾಡಿಸಿ, ಮಾರಾಟಕ್ಕೆ ಬಂದಾಗ ಹಣ ಕೂಡಿಸಲು ಕಾಲಾವಕಾಶ ಪಡೆಯಬಹುದು. ಹೀಗೆ ಊರವರೇ ಕೊಂಡ ಕೆಲವು ಪಬ್‌ಗಳಲ್ಲಿ ಅಂಗಡಿ, ಅಂಚೆ ಸೇವೆಗಳೂ ನಡೆಯುತ್ತಿವೆ. ಬೀದಿ ಕಳೆದುಕೊಂಡದ್ದರಲ್ಲಿ ಒಂದಿಷ್ಟಾದರೂ ಅಲ್ಲಿ ಮರಳಿ ಬಂದಿದೆ.

ಉತ್ತರ 4:
ದಾಖಲೆಗಳ ಬಗ್ಗೆ: ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ದಾಖಲೆ ಕಚೇರಿಯಲ್ಲಿರುವ ಪರವಾನಗಿ ಪುಸ್ತಕಗಳಿಂದ ಆರಂಭಿಸಿ. 1836ರ ಕಾಯ್ದೆಯ ನಂತರ ಸಿದ್ಧವಾದ ಟೈದ್ (ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುತ್ತಿದ್ದ ಕಂದಾಯ) ನಕ್ಷೆಗಳು ಕಟ್ಟಡದ ಒಡೆಯ ಯಾರು, ವಾಸವಿದ್ದವರು ಯಾರು ಎಂಬುದನ್ನು ತಿಳಿಸುತ್ತವೆ. 1841ರಿಂದ ಜನಗಣತಿಯ ಹಾಳೆಗಳು ಅಕ್ಕಪಕ್ಕದವರ ಕಸುಬನ್ನೂ ತೋರಿಸುತ್ತವೆ. 1931ರ ಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋದ್ದರಿಂದ ಆ ಕಾಲಕ್ಕೆ 1939ರ ನೋಂದಣಿಯನ್ನು (ಯುದ್ಧದ ಆರಂಭದಲ್ಲಿ ಮಾಡಿದ ಜನರ ಪಟ್ಟಿ) ನೋಡಬೇಕು. ಪಬ್ಬಿನ ಹೆಸರನ್ನು ಮಾತ್ರ ನಂಬಬೇಡಿ. ಅದೇ ಹೆಸರು ಬೀದಿಯ ಎದುರಿನ ಕಟ್ಟಡಕ್ಕೆ ಹೋಗಿರಬಹುದು, ಆದ್ದರಿಂದ ಪ್ರತಿ ಹಂತದಲ್ಲೂ ನಕ್ಷೆಯೊಡನೆ ತಾಳೆ ನೋಡಿ.