ಬಿಳಿ ಬೆಡ್‌ಶೀಟಿಗೆ ಮರೂನ್ ಲಂಗದ ಬಣ್ಣ ಹತ್ತಿದೆ, ತೆಗೆಯುವುದು ಹೇಗೆ?

ಶಿವಮೊಗ್ಗದ ಸೊಸೆ:
ನಿನ್ನೆ ರಾತ್ರಿ ಅವಸರದಲ್ಲಿ ಮಷಿನ್‌ಗೆ ಬಟ್ಟೆ ಹಾಕಿದೆ. ಎರಡು ಬಿಳಿ ಬೆಡ್‌ಶೀಟುಗಳ ಮಡಿಕೆಯಲ್ಲಿ ಹೊಸ ಮರೂನ್ ಲಂಗ ಸೇರಿಕೊಂಡಿದ್ದು ಕಾಣಲಿಲ್ಲ. ಬೆಳಗ್ಗೆ ಮುಚ್ಚಳ ತೆಗೆದರೆ ಎರಡೂ ಗುಲಾಬಿ. ಒಂದು ಸಾದಾ ಕಾಟನ್, ಹಾಳಾದರೂ ತಡೆದುಕೊಳ್ಳುತ್ತೇನೆ. ಇನ್ನೊಂದು ನಮ್ಮತ್ತೆ ಧಾರವಾಡದಲ್ಲಿದ್ದಾಗ ಕೈಯಾರೆ ಕಸೂತಿ ಹಾಕಿದ್ದು. ಅಂಚಿನಲ್ಲಿ ಸಾಲಾಗಿ ತುಳಸಿ ಕಟ್ಟೆ, ನಡುವೆ ಗೋಪುರ, ಹಸಿರು ಮತ್ತು ಕೆಂಪು ನೂಲು. ಒಂದೊಂದು ಎಳೆ ಎಣಿಸಿ ಹಾಕಿದ ಕೆಲಸ. ಅವರಿಗೀಗ ಕಣ್ಣು ಮಂಜು, ಮತ್ತೆ ಹಾಕುವ ಮಾತೇ ಇಲ್ಲ. ಇನ್ನೂ ಅವರಿಗೆ ಹೇಳಿಲ್ಲ, ಹೊಟ್ಟೆಯಲ್ಲಿ ಸಂಕಟ. ಮಳೆ ಇದ್ದಿದ್ದರಿಂದ ಒಣಗಿಸಿಲ್ಲ, ಎರಡೂ ಒದ್ದೆಯಾಗಿ ಬಕೆಟ್‌ನಲ್ಲಿವೆ. ಪಕ್ಕದ ಮನೆಯವರು ಬ್ಲೀಚ್ ಹಾಕಿ ಅಂದರು. ಹಾಕಬಹುದಾ?

ಮಲ್ಲಿಗೆ ಅಜ್ಜಿ:
ಗಾಬರಿಯಾಗಬೇಡಮ್ಮ. ಒಂದು ಹಿಡಿ ಕಲ್ಲುಪ್ಪು ಹಾಕಿ ರಾತ್ರಿಯಿಡೀ ನೆನೆಸು. ನಮ್ಮ ಕಾಲದಿಂದಲೂ ಹಾಗೇ ಮಾಡುತ್ತಿದ್ದೆವು.

ಬಣ್ಣದ ಮನೆಯವ:
ಅಮ್ಮ, ತಪ್ಪು ತಿಳಿಯಬೇಡಿ, ಇಲ್ಲಿ ಉಪ್ಪು ಬೇಡ. ನಾನು ಬಹಳ ವರ್ಷ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡಿದವನು. ಹತ್ತಿಗೆ ಬಣ್ಣ ಚೆನ್ನಾಗಿ ಏರಲಿ ಅಂತಲೇ ನಾವು ತೊಟ್ಟಿಗೆ ಉಪ್ಪು ಸುರಿಯುತ್ತಿದ್ದೆವು. ಕಲೆ ಬಿಡಿಸುವಾಗ ಅದೇ ಉಪ್ಪು ಉಲ್ಟಾ ಕೆಲಸ ಮಾಡುತ್ತದೆ.

ಮೇಡಂ, ಒಣಗಿಸದೇ ಇಟ್ಟಿದ್ದು ಬಹಳ ಒಳ್ಳೆಯದಾಯಿತು. ಬಿಸಿಲಿಗೂ ಹಾಕಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಹೊಸ ಲಂಗದಿಂದ ಬಂದಿದ್ದು ಹೆಚ್ಚಾಗಿ ಬಟ್ಟೆಗೆ ಗಟ್ಟಿಯಾಗಿ ಹಿಡಿಯದ ಸಡಿಲ ಬಣ್ಣ. ಮೊದಲು ಬರೀ ನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ. ನೀರು ತಿಳಿಯಾಗುವವರೆಗೆ ಬಿಡಬೇಡಿ.

ಆಮೇಲೆ ಎರಡನ್ನೂ ಬೇರೆ ಬೇರೆ ಮಾಡಿ. ಸಾದಾ ಶೀಟಿಗೆ ವ್ಯಾನಿಷ್ ತರಹದ ಆಕ್ಸಿಜನ್ ಪುಡಿ, ಡಬ್ಬಿಯ ಮೇಲೆ ಬರೆದಷ್ಟೇ ಅಳತೆ. ಕೈ ಇಡಲು ಸ್ವಲ್ಪ ಕಷ್ಟವಾಗುವಷ್ಟು ಬಿಸಿ ನೀರಿನಲ್ಲಿ ಕರಗಿಸಿ ಆರೇಳು ಗಂಟೆ ಮುಳುಗಿಸಿ. ತಣ್ಣೀರಿನಲ್ಲಿ ಆ ಪುಡಿ ನಿಧಾನ.

ಕಸೂತಿ ಶೀಟಿಗೆ ಅವಸರ ಮಾಡಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ನೂಲನ್ನು, ಹಸಿರು ನೂಲನ್ನು ಒತ್ತಿ ನೋಡಿ. ಬಣ್ಣ ಇಳಿದರೆ ಅಲ್ಲಿಗೇ ನಿಲ್ಲಿಸಿ ನಮಗೆ ಬರೆಯಿರಿ. ಇಳಿಯದಿದ್ದರೆ ಅದೇ ಪುಡಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಹಾಕಿ, ಮೊದಲು ಒಂದು ಮೂಲೆಗೆ ಮಾತ್ರ ಅರ್ಧ ಗಂಟೆ. ಸರಿ ಅನಿಸಿದರೆ ಪೂರ್ತಿ ಶೀಟು, ಗಂಟೆಗೊಮ್ಮೆ ನೋಡುತ್ತಾ. ಒಂದೇ ದಿನದಲ್ಲಿ ಹೋಗದಿದ್ದರೆ ಮತ್ತೆ ಹೊಸ ನೀರು, ಹೊಸ ಪುಡಿ. ಉಜ್ಜಬೇಡಿ, ಎಳೆ ಸಡಿಲವಾಗುತ್ತದೆ.

ಹುಬ್ಬಳ್ಳಿ ಹುಡುಗಿ:
ಅಕ್ಕ, ಪಕ್ಕದ ಮನೆಯವರು ಹೇಳಿದ್ದು ಆಲಾ ತರಹದ ಕ್ಲೋರಿನ್ ಬ್ಲೀಚ್ ಇರಬೇಕು. ಅದು ಕಸೂತಿ ನೂಲಿನ ಬಣ್ಣವನ್ನೂ ತಿಂದುಬಿಡುತ್ತದೆ, ಹತ್ತಿರ ತರಬೇಡಿ. ಸಾದಾ ಬಿಳಿ ಕಾಟನ್‌ಗೆ ಕೊನೇ ದಾರಿಯಾಗಿ ಹಾಕಬಹುದು, ನೀರಿನಲ್ಲಿ ಬೆರೆಸಿ, ಹತ್ತು ನಿಮಿಷ ಮಾತ್ರ. ಅದರ ಜೊತೆ ವಿನೆಗರ್, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಏನೂ ಸೇರಿಸಬೇಡಿ. ವಿಷದ ಗಾಳಿ ಬರುತ್ತದೆ. ದಯವಿಟ್ಟು.

ಶಿವಮೊಗ್ಗದ ಸೊಸೆ:
ಮೂರು ದಿನ ಆಯಿತು, ಬರೆಯಲೇಬೇಕು ಅನಿಸಿತು. ಸಾದಾ ಶೀಟು ಒಂದೇ ರಾತ್ರಿಗೆ ಬೆಳ್ಳಗಾಯಿತು. ಕಸೂತಿ ಶೀಟಿನ ನೂಲು ಬಣ್ಣ ಬಿಡಲಿಲ್ಲ. ಮೂರು ಸಲ ನೆನೆಸಿದೆ, ಪ್ರತಿ ಸಲವೂ ನೀರು ಸ್ವಲ್ಪ ಗುಲಾಬಿಯಾಗಿ ಇಳಿಯಿತು. ಈಗ ದಿಂಬಿನ ಕಡೆ ಅಂಗೈ ಅಗಲ ತಿಳಿ ಗುಲಾಬಿ ಉಳಿದಿದೆ. ತುಳಸಿ ಕಟ್ಟೆಗಳು ಹಾಗೇ ಇವೆ. ಅತ್ತೆಗೆ ನಿನ್ನೆ ಹೇಳಿಬಿಟ್ಟೆ. ಅವರು ಶೀಟಿನ ಮೇಲೆ ಕೈ ಆಡಿಸಿ, ಹೊಲಿಗೆ ಬಿಚ್ಚಿಲ್ಲವಲ್ಲ, ಬಿಡು ಅಂದರು. ಬಣ್ಣದ ಮನೆಯವರೇ, ನಾಳೆ ನಾಲ್ಕನೇ ಸಲ ನೆನೆಸಬಹುದಾ, ಇಲ್ಲಾ ನೂಲಿಗೆ ಜಾಸ್ತಿಯಾಗುತ್ತದಾ?

ಬಣ್ಣದ ಮನೆಯವ:
ಒಂದು ವಾರ ಬಿಡಿ ಮೇಡಂ. ನೆರಳಲ್ಲಿ ಒಣಗಿಸಿ, ಇಸ್ತ್ರಿ ಇಲ್ಲದೆ ಮಡಚಿಡಿ. ಆಮೇಲೆ ಇನ್ನೊಂದೇ ಸಲ.