ಸಹಾಯ ಬೇಕು: ಗುಳೇದಗುಡ್ಡದ ಸತ್ಯವೇದ (ಬೈಬಲ್) ಓದುವ ಗುಂಪಿಗೆ ಅನುಭವಿಗಳ ಮಾರ್ಗದರ್ಶನ

ಎಲ್ಲರಿಗೂ ಯೇಸು ಸ್ವಾಮಿಯ ನಾಮದಲ್ಲಿ ವಂದನೆಗಳು.

ನಾವು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದವರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿ ಕೆಲಸ ಆರಂಭಿಸಿದ್ದು 1851ರಲ್ಲಿ. ಮುತ್ತಜ್ಜನ ಕಾಲದಿಂದ ಬಂದ ವಿಶ್ವಾಸ ನಮ್ಮ ಸ್ವಂತದ್ದೂ ಆಗಬೇಕಲ್ಲವೇ? ಅದಕ್ಕಾಗಿಯೇ ಕೆಲವು ಯುವಕ ಯುವತಿಯರು ಬುಧವಾರ ಸಂಜೆ ನಮ್ಮ ಮನೆಯಲ್ಲಿ ಸೇರಿ ಮಾರ್ಕನ ಸುವಾರ್ತೆ ಓದುತ್ತಿದ್ದೇವೆ. ಬರೀ 16 ಅಧ್ಯಾಯ, ಹೊಸಬರಿಗೂ ಭಾರವಾಗುವುದಿಲ್ಲ.

ನಾಲ್ಕನೆಯ ಅಧ್ಯಾಯದ ಬಿತ್ತುವವನ ಸಾಮ್ಯ, ಅಂದರೆ ಕಲ್ಲು ನೆಲದಲ್ಲಿ ಬಿದ್ದ ಬೀಜ ಬೇರಿಲ್ಲದೆ ಒಣಗಿಹೋಗುವ ಕಥೆ ಓದುವಾಗ, ಖಣ ನೇಯುವ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ‘ತಮ್ಮಾ, ಕಲ್ಲು ನೆಲ ಎಂದಿಗೂ ಹದವಾಗುವುದಿಲ್ಲವೇನು?’ ಎಂದರು. ಎಂಥ ಪ್ರಶ್ನೆ! ಈಗ ಅವರೂ ಬಂದು ಕೂರುತ್ತಾರೆ. ಬಸವಾದಿ ಶರಣರ ವಚನಗಳನ್ನು ಬಾಯಿಪಾಠ ಬಲ್ಲವರು, ಆಳವಾಗಿ ಕೇಳುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ, ಒತ್ತಾಯದ ಸೋಂಕೂ ಇಲ್ಲದೆ ನಾವು ನಂಬಿದ್ದನ್ನು ಹೇಳಬೇಕು. ಪೇತ್ರನ ಮೊದಲನೆಯ ಪತ್ರಿಕೆ 3:15 ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಕೊಡುವ ಉತ್ತರದ ಜೊತೆಗೆ ಸಾತ್ವಿಕತ್ವವನ್ನೂ ಕೇಳುತ್ತದೆ. ನಮ್ಮ ಹುಡುಗರಲ್ಲಿ ಉತ್ಸಾಹ ತುಂಬಿದೆ, ಆದರೆ ಸಾವಧಾನ ಕಲಿಸುವವರು ಬೇಕು.

ಇಂಥ ಗುಂಪು ನಡೆಸಿದ ಹಿರಿಯರು ಒಂದು ತಿಂಗಳಾದರೂ ನಮ್ಮೊಡನೆ ಕೂರಬಲ್ಲಿರಾ? ಬಾದಾಮಿ, ಬಾಗಲಕೋಟೆ ಕಡೆಯವರಾದರೆ ಅನುಕೂಲ. ಬಸ್ ಖರ್ಚು, ಊಟ ನಮ್ಮದು. ದೂರದವರು ಮೊಬೈಲ್‌ನಲ್ಲಿ ಮಾತನಾಡಿದರೂ ಸಾಕು. ಅನ್ಯಧರ್ಮದ ನೆರೆಯವರೊಂದಿಗೆ ಕುಳಿತು ಓದಿದ ಅನುಭವವಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.

ಇನ್ನೊಂದು ಕೋರಿಕೆ: ದಪ್ಪ ಅಕ್ಷರದ ಕನ್ನಡ ಸತ್ಯವೇದ ಯಾರಲ್ಲಾದರೂ ಹೆಚ್ಚುವರಿ ಇದೆಯೇ? ಅಕ್ಕನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಮನೆಯಲ್ಲಿ ತಾವೇ ಓದಬೇಕೆಂದು ಕೇಳಿದ್ದಾರೆ. ಹಳೆಯದಾದರೂ ಪರವಾಗಿಲ್ಲ, ನಾವೇ ಬಂದು ಒಯ್ಯುತ್ತೇವೆ.